ಎಂದರೆ ಸರಿ

ಅವರು ಆಡಿದ್ದು ಒಂದು ಕನ್ನಡ, ನಾನು ಟೈಪಿಸಿದ್ದು ಇನ್ನೊಂದು.
ಮೇಯೋ ಹಾಲ್, ಎರಡನೇ ಮಹಡಿ, ಫ್ಯಾನಿನ ಕೆಳಗೆ
ಪೇಪರ್‌ವೇಟ್ ಇಲ್ಲದೆ ಹಾಳೆ ಹಾರುವ ಕಡತ.

"ಮೇಲ್ ಕುಂತಿದ್ದೆ ಸಾ. ಆಸಿಗೆಗೋಳ್ ಮೇಲೆ."
ನಾನು: ಸದರಿ ವಾಹನದ ಹೊರಭಾಗದಲ್ಲಿ ಕುಳಿತಿದ್ದೆ
ಎಂದರೆ ಸರಿ.

ಪಿಳ್ಳಮುನಿಯಪ್ಪ, ನಲವತ್ತೊಂದು, ಲೋಡಿಂಗ್ ಕೆಲಸ.
ಪೀಣ್ಯದ ಫ್ಯಾಕ್ಟರಿಯಿಂದ ಹೆಣ್ಣೂರಿನ ಪಿ.ಜಿ.ಗೆ
ಎಂಟು ಫೋಮ್ ಹಾಸಿಗೆ, ಒಂದು ಟಾಟಾ ಏಸು.
ಹಗ್ಗ ಸಾಲಲಿಲ್ಲವಂತೆ.
ಎಷ್ಟು ಮೊಳ ಕಮ್ಮಿ ಬಿತ್ತೋ ಅಷ್ಟಕ್ಕೆ
ಇವರನ್ನು ಹತ್ತಿಸಿದರು.

"ಕ್ಯಾಬಿನ್ನಿನಲ್ಲಿ ಇನ್ನೊಂದು ಸೀಟಿತ್ತಲ್ಲ?" ಕಂಪನಿ ವಕೀಲರು.
"ಇತ್ತು ಸಾ. ಟೀವಿ ಕುಂತಿತ್ತು.
ಬೆಲ್ಟ್ ಹಾಕಿದ್ರು ಅದುಕ್ಕೆ."
ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.
ನಗುವನ್ನು ಟೈಪಿಸುವ ಪದ್ಧತಿ ಇಲ್ಲ.

ಮೇಲೆ ಹೇಗಿತ್ತು ಎಂದು ಯಾರೂ ಕೇಳಲಿಲ್ಲ, ಅವರೇ ಹೇಳಿದರು:
ಗೊರಗುಂಟೆಪಾಳ್ಯದ ಫ್ಲೈಓವರಿನ ನೆರಳು ತಲೆ ಸವರಿಹೋದದ್ದು,
ಕೊಂಬೆಗೆ, ಜೋತುಬಿದ್ದ ಕೇಬಲ್ಲಿಗೆ
ಮದುವೆಮನೆಯ ತೋರಣಕ್ಕೆ ಬಗ್ಗುವ ಹಾಗೆ ಬಗ್ಗಿ ಬಗ್ಗಿ ಬಂದದ್ದು,
ಸ್ಕೂಲ್ ಬಸ್ಸಿನ ಮಕ್ಕಳು ಟಾಟಾ ಮಾಡಿದ್ದು,
ಒಂದು ಕೈಲಿ ಹಗ್ಗ, ಇನ್ನೊಂದರಲ್ಲಿ ಚಪ್ಪಲಿ,
ಗಾಳಿಗೆ ಹಾರಿಹೋದಾವೆಂದು ಕಳಚಿ ಹಿಡಿದದ್ದು,
ಪ್ಲಾಸ್ಟಿಕ್ ಹೊದಿಕೆ ಬಿಸಿಲಿಗೆ ಕಾದು ಜಾರುತ್ತಿದ್ದದ್ದು.
"ಆದ್ರೂ ಮೆತ್ತುಗಿತ್ತು ಸಾ. ಅಂತಾದ್ರ ಮೇಲೆ ಒಂದಿನಾನೂ ಮಲಗಿಲ್ಲ ನಾನು."
ಅದು ಅಪ್ರಸ್ತುತ, ಎಂದರು. ಅಳಿಸಿದೆ.

ಬಿ.ಇ.ಎಲ್. ಸರ್ಕಲ್, ಅಂಡರ್‌ಪಾಸಿನ ಇಳಿಜಾರು.
ಮುಂದಿನ ಕಾರು ನಿಂತಿತು.
ಏಸೂ ನಿಂತಿತು, ಕಾರಿನ ಬೆನ್ನಿಗೆ ಮೂತಿ ಒತ್ತಿ.
ಡ್ರೈವರು ನಿಂತ, ಬೆಲ್ಟಿನಲ್ಲಿ. ಟೀವಿ ನಿಂತಿತು, ಬೆಲ್ಟಿನಲ್ಲಿ.
ಎಂಟೂ ಹಾಸಿಗೆ ನಿಂತವು, ಇದ್ದಷ್ಟು ಹಗ್ಗದಲ್ಲಿ.
ಇವರೊಬ್ಬರಿಗೆ ಮಾತ್ರ
ನಿಲ್ಲು ಎನ್ನುವಂಥದ್ದು ಯಾವುದೂ ಇರಲಿಲ್ಲ.

ಸೊಂಟದ ಮೂಳೆ ಎರಡು ಕಡೆ.
ಎಡ ಮೊಣಕೈಗೆ ಪ್ಲೇಟು, ಏಳು ಸ್ಕ್ರೂ.
ಜನ ಎತ್ತಿದಾಗಲೂ ಚಪ್ಪಲಿ ಬಲಗೈಯಲ್ಲೇ.
ಇಡೀ ದೇಹಕ್ಕೆ ಹದಿನೆಂಟು ಪರ್ಸೆಂಟು ಎಂದು ಡಾಕ್ಟರರ ಸರ್ಟಿಫಿಕೇಟು.
ಉಳಿದ ಎಂಬತ್ತೆರಡು ಕಟಕಟೆಯ ಕುರ್ಚಿಯಲ್ಲಿ
ಒಂದೇ ಪಕ್ಕಕ್ಕೆ ಭಾರ ಹಾಕಿ ಕೂತಿದೆ.

ವಕೀಲರ ಪ್ರಶ್ನೆ ಒಂದೇ, ಸುತ್ತಿ ಸುತ್ತಿ:
ಇವರು ಕೂಲಿಯೋ, ಪ್ರಯಾಣಿಕರೋ?
ಕೂಲಿಯಾದರೆ ಪಾಲಿಸಿಯ ಒಳಗೆ.
ಬಿಟ್ಟಿ ಪ್ರಯಾಣಿಕರಾದರೆ
ಅಲ್ಲೂ ಹೊರಗೆ.
"ನಾನಾ ಸಾ? ನಾನು ವಜನ್ನು.
ಹಾರ್ದಂಗೆ ಇರ್ಲಿ ಅಂತ ಇಟ್ಟಿದ್ರು."
ಸಾಹೇಬರು ಪೆನ್ನು ಕೆಳಗಿಟ್ಟರು.
ನನ್ನ ಬೆರಳು ಕೀಲಿಗಳ ಮೇಲೇ ಉಳಿಯಿತು,
ಆ ಮಾತಿಗೆ ಸದರಿ ಕನ್ನಡ ಸಿಗದೆ.

ಮುಂದಿನ ತಿಂಗಳಿಗೆ ವಾಯಿದೆ.
ಮೆಟ್ಟಿಲನ್ನು ಅವರು ಪಕ್ಕಕ್ಕೆ ತಿರುಗಿ ಇಳಿದರು,
ಏಡಿಯ ಹಾಗೆ, ಗೋಡೆ ಹಿಡಿದು.

ನನ್ನದೂ ಒಂದಿದೆ, ಯಾವ ಕಡತದಲ್ಲೂ ಇಲ್ಲದ್ದು.
ಆಷಾಢ ಹಿಡಿಯುವ ಮುಂಚೆ ಮನೆ ಬದಲಿಸಿದೆವು,
ಮತ್ತಿಕೆರೆಯಿಂದ ಕೆಂಗೇರಿಗೆ.
ಬೀರುವಿನ ಮೇಲೊಬ್ಬ ಹುಡುಗ, ಕಾಲು ಇಳಿಬಿಟ್ಟು.
ಹಿಂದಿನ ಆಟೋದಿಂದ ತಲೆ ಹೊರಹಾಕಿ
"ಗಟ್ಟಿಯಾಗಿ ಹಿಡ್ಕೊಳಪ್ಪ" ಎಂದು ಕೂಗಿದ್ದೆ.
ಅವನು ನಕ್ಕು ತಲೆಯಾಡಿಸಿದ್ದ,
ತನಗಾಗಿ ಹೇಳಿದ್ದೆಂದು.

ರಾಹುಕಾಲಕ್ಕೆ ಮುಂಚೆ ಹಾಲುಕ್ಕಿಸಬೇಕು, ಬೇಗ ಓಡಿಸಿ
ಎಂದು ಡ್ರೈವರಿಗೆ ನಾನೇ ಹೇಳಿದ್ದೆ ಎಂದರೆ ಸರಿ.
ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿ ಇತ್ತು ಎಂದರೆ ಸರಿ.
ಹಿಡಿದುಕೊ ಎಂದದ್ದು ಕನ್ನಡಿಯನ್ನು ಎಂದರೆ ಸರಿ.
ಅದು ಒಡೆಯದೆ ಬಂತು,
ದಿನಾ ಅದರಲ್ಲೇ ತಲೆ ಬಾಚಿಕೊಂಡು ಇಲ್ಲಿಗೆ ಬರುತ್ತೇನೆ ಎಂದರೆ ಸರಿ.
ಆ ಹುಡುಗ ಬರಿಗಾಲಲ್ಲಿದ್ದನೇ, ಕೈಯಲ್ಲಿ ಚಪ್ಪಲಿ ಇತ್ತೇ ಎಂದರೆ
ನೆನಪಿಲ್ಲ.