ಶಕ್ತಿನಗರದಲ್ಲಿ ತೊಂಬತ್ತಾರು ಡಿಗ್ರಿ

ಹೊರಗೆ ನಲವತ್ಮೂರು. ಒಳಗೆ, ಈ ಡಬ್ಬಿಯಲ್ಲಿ, ತೊಂಬತ್ತಾರು.
ನಿನ್ನೆ ರಾತ್ರಿ ಪೂರಾ ಬಿಚ್ಚಿ, ಹಾರುಬೂದಿ ಊದಿ,
ಹೊಸ ಬೋರ್ಡು, ಹೊಸ ಕೂಲರು,
ಒಂದು ಸ್ಕ್ರೂ ಉಳಿಸಿಕೊಂಡು ಕೂಡಿಸಿದ್ದೆ.

ಈಗ ಯರಮರಸಿನ ಮದುವೆ ತೊದಲುತ್ತಿದೆ:
ತಾಳಿ ಕಟ್ಟುವ ಕೈ ಅರ್ಧಕ್ಕೇ ನಿಂತು,
ಅಕ್ಕಿಕಾಳು ಗಾಳಿಯಲ್ಲೇ ತೂಗಿ,
ಡೋಲು ಡು ಡು ಡು

ಡ್ರೈವರು ಬದಲಿಸಿದೆ. ರ‍್ಯಾಮು ಕಿತ್ತು ಆ ಕಡೆಯದು ಈ ಕಡೆ ಹಾಕಿದೆ.
ಬಾಗಿಲು ತೆಗೆದು ಟೇಬಲ್ ಫ್ಯಾನು ತಿರುಗಿಸಿಟ್ಟೆ.
ತೊಂಬತ್ತೇಳು.

ಆದೆಪ್ಪ ಮಾವ ಬಂದ. ಪ್ಲಾಂಟಿನ ಕೂಲಿಂಗ್ ಟವರಿನಡಿ
ಮೂವತ್ತು ವರ್ಷ ನೀರು ಆರಿಸಿದವ; ಮೌಸು ಹಿಡಿದವನಲ್ಲ.
ಕೂಲರಿನ ಮೇಲೆ ಬೆರಳಿಟ್ಟ. "ಇದು ತಣ್ಣಗೈತಲ್ಲೋ!
ಕೆಳಗ ಕುದಿಯಾಕ ಹತ್ತೈತಿ, ಮ್ಯಾಲ ಸುದ್ದಿನ ಇಲ್ಲ.
ನಡುವ ಯಾವನೋ ಕುಂತಾನ, ನೋಡು."

ಬಿಚ್ಚಿದೆ. ಕುಂತಿದ್ದ:
ಈರುಳ್ಳಿ ಪೊರೆಯಷ್ಟು ತೆಳ್ಳನೆ ಪ್ಲಾಸ್ಟಿಕ್ಕು,
'ತೆಗೆದು ಕೂಡಿಸಿ' ಎಂಬ ಚೀಟಿ ಸಮೇತ,
ಅದರ ಮೇಲೆ ನನ್ನದೇ ಹೆಬ್ಬೆಟ್ಟು.

ಐವತ್ತೆರಡು. ಕೈ ಗಂಟು ಹಾಕಿತು,
ಅಕ್ಕಿ ಬಿತ್ತು, ಡೋಲು ಪೂರಾ ಬಾಯ್ಬಿಟ್ಟಿತು.
ಮಾವ ಉಳಿದ ಸ್ಕ್ರೂ ಹಿಡಿದು "ಇದು ಎಲ್ಲೀದು?" ಅಂದ.
ಅಷ್ಟರಲ್ಲಿ ಕರೆಂಟು ಹೋಯಿತು.
ಕಿಟಕಿಯಾಚೆ ಚಿಮಣಿ ತನ್ನ ಪಾಡಿಗೆ ಹೊಗೆ ಬಿಡುತ್ತಿತ್ತು.