ಕೈ ಹಗುರಾದ ಮೇಲೆ

ಮೊಗ್ರಾಲ್ ಸೇತುವೆ ದಾಟಿದ್ದೇ
ಹೆದ್ದಾರಿಯ ಬಿಳಿಗೆರೆ ಕೆಂಪು ಧೂಳಿನೊಳಗೆ ಹೂತುಹೋಯಿತು.
ಗೆರೆ ಓದಿ ಓಡುವ ವ್ಯಾನಿಗೆ
ಅಲ್ಲಿಗೆ ಅಕ್ಷರ ಮುಗಿಯಿತು.
ಟಿಣ್ ಟಿಣ್ ಟಿಣ್. ಹೆಣ್ಣುದನಿಯೊಂದು
(ವಾಕ್ಯ ನಾನೇ ಬರೆದದ್ದು, ಮೂರು ವಾರ ತಿದ್ದಿದ್ದು)
"ದಯವಿಟ್ಟು ವಾಹನದ ನಿಯಂತ್ರಣವನ್ನು ವಹಿಸಿಕೊಳ್ಳಿ" ಎಂದಿತು.

ಎಂಟು ಸೆಕೆಂಡು ಕೊಟ್ಟಿದ್ದೆವು.
ಐತಪ್ಪಣ್ಣ ಬಲಗಡೆ, ಅಳಿವೆಯ ಇಳಿನೀರಲ್ಲಿ
ಮರುವಾಯಿ ಹೆಕ್ಕುವವರನ್ನು ಎಣಿಸುತ್ತಿದ್ದ.
ಮೂರಕ್ಕೆ ಕೈ ಬಂತು ಸ್ಟೇರಿಂಗಿಗೆ,
ನಾಲ್ಕಕ್ಕೆ ಕಣ್ಣು.
ಆಳು ಬಂದದ್ದು ಏಳೂವರೆಗೆ.
ನಡುವೆ ವ್ಯಾನು ಯಾರದ್ದೂ ಅಲ್ಲ.
ಎದುರಿಗೆ ಬೂತಾಯಿ ಬುಟ್ಟಿ ಕಟ್ಟಿದ ಸ್ಕೂಟರು,
ಮೇಲೆ ಮೀನಿನ ಅಂದುಂಞಿ.
ಅವನೇ ಚರಂಡಿಗಿಳಿದು ನಮ್ಮನ್ನು ಉಳಿಸಿದ.
ರಸ್ತೆ ತುಂಬ ಬೂತಾಯಿ ಮಿಣಮಿಣ.
ನನ್ನ ಮಡಿಲಿನ ಲ್ಯಾಪ್‌ಟಾಪಿನಲ್ಲಿ ಹಸಿರು ಅಕ್ಷರ:
ಹಸ್ತಾಂತರ ಯಶಸ್ವಿ.

ಮೂವರೂ ಕೂತು ಮೀನು ಹೆಕ್ಕಿದೆವು.
ಅಂದುಂಞಿ ಮಲಯಾಳದಲ್ಲಿ ಬೈದ, ಬ್ಯಾರಿಯಲ್ಲಿ ನಕ್ಕ,
ತುಳುವಿನಲ್ಲಿ ಐನೂರು ರೂಪಾಯಿ ಕೇಳಿದ.
"ಗುಂಡಿಗೆ ಬೀಳುವವನ ಹತ್ತಿರ
ಯಾರಾದ್ರೂ ದಯವಿಟ್ಟು ಅಂತಾರಾ ಅಕ್ಕ?"
ಎಂದ ಐತಪ್ಪಣ್ಣ.

ಮರುದಿನ ಕರೆದೊಯ್ದ, ಪೈವಳಿಕೆಯಾಚೆಯ ಕಲ್ಲಿನ ಕೋರೆಗೆ.
ಲಾರಿ ಹತ್ತುವ ಮೊದಲು
ಹದಿಮೂರು ವರ್ಷ ಅವನಲ್ಲಿ ಲೋಡಿನವ.
ಗುಂಡಿಯಿಂದ ಲಾರಿಯ ತನಕ ಜನ ಸಾಲಾಗಿ ನಿಂತು
ಕೆಳಗಿನವ ಎತ್ತುತ್ತಾನೆ, ಮೇಲಿನವ ಬಾಗುತ್ತಾನೆ.
ಪತ್ಯನಾ?
ಪತ್ಯೆ.
ಹಿಡಿದೆಯಾ, ಹಿಡಿದೆ, ಇಷ್ಟೇ ಮಾತು.
ಆದರೆ ಆಮೇಲೂ ಬಿಡುವುದಿಲ್ಲ ಕೆಳಗಿನವ.

"ನೀವೂ ಹಿಡೀರಿ."
ಕಲ್ಲು ಬಂತು ನನ್ನ ಕೈಗೆ, ಬಂತು ಎಂದುಕೊಂಡೆ,
ಪತ್ಯೆ ಎಂದೂ ಬಿಟ್ಟೆ.
ಅವನ ಬೆರಳು ಇನ್ನೂ ಅಡಿಯಲ್ಲಿತ್ತು.
ನನ್ನ ಮೊಣಕೈ ಒಮ್ಮೆ ತಗ್ಗಿ,
ಬೆನ್ನಿಗೆ ಸುದ್ದಿ ಮುಟ್ಟಿ,
ಹಿಮ್ಮಡಿ ನೆಲ ಕಚ್ಚಿದಾಗ
ಹೇಳದೆ ಕೇಳದೆ ಜಾರಿಸಿದ.
"ಬಾಯಿ ಸುಳ್ಳು ಹೇಳ್ತದೆ ಅಕ್ಕ.
ನನ್ನ ಕೈ ಹಗುರಾಗದೆ ನಾನು ಬಿಡುದಿಲ್ಲ."

ಸಂಜೆ ಕಚೇರಿಯಿಂದ ಕೇಳಿದರು:
ಎಂಟು ಸಾಲದಿದ್ದರೆ ಹತ್ತು ಇಡೋಣವಾ? ಹನ್ನೆರಡು?
ನಾನು ಬರೆದೆ: ದಯವಿಟ್ಟು ತೆಗೆಯಿರಿ.
ಸ್ಟೇರಿಂಗು ತುಸು ಭಾರ ತೋರಲಿ, ಮನುಷ್ಯ ಎಳೆದಷ್ಟೇ
ಯಂತ್ರ ಸಡಿಲಿಸಲಿ; ಅವನು ಎಳೆಯದಿದ್ದರೆ
ಹಿಡಿದುಕೊಂಡೇ ಬದಿಗೆ ನಿಲ್ಲಲಿ.
ಸೆಕೆಂಡಿನ ಚೌಕ ಖಾಲಿ ಬಿಟ್ಟೆ.
ಖಾಲಿಯನ್ನು ಅದು ಒಪ್ಪಲಿಲ್ಲ, ಕೆಂಪಗೆ ಮಿನುಗುತ್ತಲೇ ಇತ್ತು.

ಒಂದು ಪ್ರಶ್ನೆ ಮಾತ್ರ
ಯಾವ ಚೌಕದಲ್ಲಿ ಬರೆಯಬೇಕೋ ತಿಳಿಯಲಿಲ್ಲ.
ಕಲ್ಲು ಇಬ್ಬರ ಕೈಯಲ್ಲೂ ಇರುವಾಗ ಬಿದ್ದರೆ
ಅದು ಯಾರ ಕಾಲಿನ ಮೇಲೆ?

ಐತಪ್ಪಣ್ಣನ ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ.
ಎರಡು ತಿಂಗಳು ಪಕ್ಕದಲ್ಲೇ ಕೂತಿದ್ದೆ,
ನೋಡಿರಲಿಲ್ಲ.