ಏಳನೇ ನಂಬರ್

ಉಪ್ಪಳದ ಗೇಮ್ ಸೆಂಟರ್ ಬಾಗಿಲು ಹಾಕಿದಾಗ
ಪೆರ್ಲದ ನಮ್ಮ ಶಾಲೆಗೆ ದಾನವಾಗಿ ಬಂದ ಪೆಟ್ಟಿಗೆ ಅದು.
ಹೊಟ್ಟೆಯೊಳಗೆ ಎರಡು ಫ್ಯಾನಿನ ಗ್ರಾಫಿಕ್ಸ್ ಕಾರ್ಡು,
ಎಷ್ಟು ಯುದ್ಧ ಕಂಡಿತ್ತೋ ಏನೋ,
ಈಗ ಅದರ ಕೆಲಸ ಹತ್ತನೇ ಕ್ಲಾಸಿನ ಐ.ಟಿ. ಪರೀಕ್ಷೆಗೆ
ಒಂದು ಬಿಳಿ ಹಾಳೆ ತೋರಿಸುವುದು.

ನಾಳೆ ಪರೀಕ್ಷೆ.
ಸಂಜೆ ನಾಲ್ಕೂವರೆಗೆ, ಯಾರೂ ಹೇಳದೆ,
ಕಂಪನಿಯದೇ ಡ್ರೈವರ್ ಇರಲಿ ಎಂದು ಹಾಕಿದವಳು ನಾನು.
ರೀಸ್ಟಾರ್ಟ್.
ಫ್ಯಾನು ತಿರುಗಿತು. ಪರದೆ ತಿರುಗಿ ನೋಡಲಿಲ್ಲ.

ಕಾಞಂಗಾಡಿನಿಂದ ಫೋನಿನಲ್ಲಿ ರಜೀಶ್:
"ಎಂದಾಯಿ ಟೀಚರೇ, ವನ್ನೋ?"
"ವನ್ನಿಲ್ಲ."
ನನ್ನ ಮಲಯಾಳ ಇಷ್ಟು ಸುದ್ದಿಗೆ ಸಾಕು.

ಕಂಟ್ರೋಲ್, ಆಲ್ಟ್, ಎಫ್ ಮೂರು,
ಅವನು ಹೇಳಿದ ಹಾಗೆ ಒಟ್ಟಿಗೇ ಒತ್ತಿ ಹಿಡಿದೆ.
ಕತ್ತಲಿನ ತಳದಿಂದ ಎದ್ದು ಬಂತು
ಮಿಣುಕುವ ಒಂದು ಗೀಟು.
ಒಳಗೆ ಹೋದೆ. ಮಕ್ಕಳ ಕಡತಗಳ ಪಟ್ಟಿ ಕೇಳಿದೆ.
ಹೆಸರಿದ್ದಲ್ಲೆಲ್ಲ ಚೌಕ, ಚೌಕ, ಚೌಕ.
ಮಿಸ್ರಿಯಾ ಬರೆದ 'ನಮ್ಮೂರ ಬಾವಿಗಳು'
ಎಣಿಸಿದೆ, ಹದಿಮೂರು,
ಒತ್ತೂ ಕೊಂಬೂ ಬೇರೆ ಬೇರೆ ಕೋಣೆಯಲ್ಲಿ.
ಅಳಿದಿಲ್ಲ ಮಾರಾಯ್ತಿ, ಎಲ್ಲ ಉಂಟು,
ಬಿಡಿಸಿ ತೋರಿಸುವವರಿಲ್ಲ, ಅಷ್ಟೆ.

ಬಾಗಿಲಲ್ಲಿ ಬೀಗದ ಕೈ ಕುಣಿಸುತ್ತ ಐತ್ತಪ್ಪ
ಮನೆಗೆ ಫೋನು ಮಾಡಿದ:
"ತಡ ಆಗ್ತದೆ. ಡ್ರೈವರ್ ಸರಿ ಇಲ್ಲ."
ಅತ್ತ ಕಡೆಯ ದನಿ ನನಗೂ ಕೇಳಿಸಿತು:
"ಕುಡಿದಿದ್ದಾನಾ? ಬೇರೆ ಬಸ್ಸಲ್ಲಿ ಬನ್ನಿ ನೀವು!"

ಬೇರೆ ಬಸ್ಸು.
ಹೌದಲ್ಲ.
ಹಾಕಿದ್ದನ್ನೆಲ್ಲ ಬೇರುಸಹಿತ ಕಿತ್ತೆ.
ನಿಷೇಧದ ಪಟ್ಟಿಯಿಂದ ನೂವೋ ಹೆಸರನ್ನು ಅಳಿಸಿದೆ.
ಎಲ್ಲೆಲ್ಲಿಯದೋ ಜನ ಬಿಡುವಿನಲ್ಲಿ ಕೂತು,
ಕಂಪನಿ ಹೇಳಿಕೊಡದ್ದನ್ನು ಊಹಿಸಿ ಊಹಿಸಿ
ಬರೆದ ಬಿಟ್ಟಿ ಡ್ರೈವರು ಅದು.
ನಿಧಾನ. ಯುದ್ಧಕ್ಕೆ ಆಗದು.
ನನಗೆ ಯುದ್ಧ ಬೇಡ.
ಪಾಸ್‌ವರ್ಡ್ ಎರಡು ಸಲ ತಪ್ಪಿತು.
ಕೊನೆಯ ಬಸ್ಸು ಹಾರ್ನ್ ಹೊಡೆದು ಹೋಯಿತು.

ಆರು ಐವತ್ತಕ್ಕೆ ಬಂತು,
ಕಣ್ಣುಜ್ಜಿಕೊಂಡು ಎದ್ದ ಮಗುವಿನ ಹಾಗೆ, ಸ್ವಲ್ಪ ಊದಿಕೊಂಡೇ.
ಕಡತ ತೆರೆದೆ. ಬಾವಿಗಳಿದ್ದವು.
ನಮ್ಮೂರಿನ ಮಕಾರದಡಿ ಮಕಾರ ಕೂತಿತ್ತು.
"ವನ್ನು" ಎಂದೆ ರಜೀಶನಿಗೆ.
ಅವನ ಬಾಯಲ್ಲಿ ತುತ್ತು. "ಆಂ" ಎಂದ.

ಬೆಳಗ್ಗೆ ಏಳನೇ ನಂಬರ್ ಸಿಕ್ಕಿದ್ದು ಮಿಸ್ರಿಯಾಗೇ.
ಕೂತಳು, ಕಣ್ಣು ಕಿರಿದು ಮಾಡಿದಳು.
"ಎಂತ ಟೀಚರ್, ಇದ್ರಲ್ಲಿ ಅಕ್ಷರ ಎಲ್ಲ ಇಷ್ಟು ದೊಡ್ಡ?"
ದೊಡ್ಡದೇ ಇರಲಿ, ಬರಿ, ಎಂದೆ.

ಐತ್ತಪ್ಪ ನನ್ನ ಕಡೆ ನೋಡಲಿಲ್ಲ.
ನಿನ್ನೆ ಆಟೋಕ್ಕೆ ನೂರ ಎಂಬತ್ತು ಕೊಟ್ಟಿದ್ದ.